ಮನೆವಾರ್ತೆ: ಮೇಜಿನ ಹಲಗೆಯೂ ಋತುಧರ್ಮವೂ

ಆರಿದ್ರಾ ಮಳೆ ಹಿಡಿದೊಡನೆ ಮನೆಯ ಬಾಗಿಲು ಬಿಗಿದು ಅಗಳಿ ಕೂರದೆ ಹೋಗುವುದನ್ನೂ, ಮಾಘ ಫಾಲ್ಗುಣಗಳು ಬರುತ್ತಲೆ ಅದೇ ಬಾಗಿಲು ಸಡಿಲಗೊಂಡು ಗಾಳಿಗೆ ಬಡಿದುಕೊಳ್ಳುವುದನ್ನೂ ಕಾಣದ ಗೃಹಸ್ಥರಿಲ್ಲ. ಬೇಸಗೆಯಲ್ಲಿ ಚಕ್ರದ ಕಬ್ಬಿಣದ ಪಟ್ಟಿ ಸಡಿಲಿದಾಗ ಹಿಂದಿನ ರೈತರು ಗಾಡಿಯನ್ನು ಕೆರೆಯ ನೀರಿನಲ್ಲಿ ನಿಲ್ಲಿಸುತ್ತಿದ್ದುದೂ ಈ ಮರ್ಮವನ್ನರಿತೇ. ಮರವು ನೀರನ್ನುಂಡು ಹಿಗ್ಗುತ್ತದೆ, ನೀರನ್ನು ಬಿಟ್ಟು ಕುಗ್ಗುತ್ತದೆ. ಬಾಗಿಲಿನಲ್ಲಿಯೂ ಚಕ್ರದಲ್ಲಿಯೂ ಸಹಜವೆಂದು ಒಪ್ಪಿಕೊಂಡ ಈ ಧರ್ಮವನ್ನು ಮೇಜು ಮಾಡಿಸುವಾಗ ಮಾತ್ರ ನಾವು ಮರೆತುಬಿಡುತ್ತೇವೆ.

ಮರೆತುದರ ಫಲವು ಹಲವು ಮನೆಗಳಲ್ಲಿ ಕಾಣಬರುತ್ತದೆ. ಮಳೆಗಾಲದಲ್ಲಿ ಮಾಡಿಸಿದ ಊಟದ ಮೇಜು ಶಿವರಾತ್ರಿ ಕಳೆಯುವಷ್ಟರಲ್ಲಿ ನಡುವೆ ಸೀಳುತ್ತದೆ. ಯಜಮಾನರು ಬಡಗಿಯನ್ನು ಕರೆಯಿಸಿ, ಹಸಿಮರ ಹಾಕಿ ಮೋಸಮಾಡಿದೆಯೆಂದು ಗದರಿಸುತ್ತಾರೆ. ಬಡಗಿಯು ಮರದ ವ್ಯಾಪಾರಿಯನ್ನು ದೂರುತ್ತಾನೆ. ವ್ಯಾಪಾರಿಯು ಬಿಸಿಲನ್ನು ದೂರುತ್ತಾನೆ. ಕಡೆಗೆ ಕೂಲಿಯ ಬಾಕಿ ಹಣ ನಿಂತು, ಬಹುಕಾಲದ ವಿಶ್ವಾಸವೂ ಸೀಳಿಹೋಗುತ್ತದೆ. ಇಂತಹ ಜಗಳಗಳಲ್ಲಿ ಎಷ್ಟೋ ವೇಳೆ ಮರವೂ ಒಳ್ಳೆಯದೇ ಆಗಿರುತ್ತದೆ, ಕೆಲಸಗಾರನೂ ಪ್ರಾಮಾಣಿಕನೇ ಆಗಿರುತ್ತಾನೆ. ಹಲಗೆಯು ಹಿಗ್ಗಿ ಕುಗ್ಗಲು ಎಡೆಯಿಲ್ಲದಂತೆ ಅದನ್ನು ಬಿಗಿದುಹಾಕಿದ್ದೇ ದೋಷ. ಈ ದೋಷವನ್ನು ತಪ್ಪಿಸುವ ಬಗೆಯನ್ನು ಈ ತಿಂಗಳು ವಿಚಾರಿಸೋಣ.

ಮರದಲ್ಲಿರುವ ತೇವವನ್ನು ಅದರ ಒಣತೂಕಕ್ಕೆ ಶೇಕಡಾ ಇಷ್ಟೆಂದು ಹೇಳುವುದು ವಾಡಿಕೆ. ಹಸಿಮರವು ಒಣಗುತ್ತ ಬಂದು ತೇವವು ಶೇಕಡಾ 30ರ ಸುಮಾರಿಗೆ ಇಳಿಯುವವರೆಗೆ ಅದರ ಅಳತೆಯು ಹೆಚ್ಚಾಗಿ ಬದಲಾಗುವುದಿಲ್ಲ. ಅಲ್ಲಿಂದ ಕೆಳಗಿಳಿದಂತೆಲ್ಲ ಕುಗ್ಗತೊಡಗುತ್ತದೆ. ಈ ಕುಗ್ಗುವಿಕೆ ಎಲ್ಲ ದಿಕ್ಕಿಗೂ ಒಂದೇ ಸಮನಲ್ಲ. ಸಾಗುವಾನಿಯನ್ನೇ ತೆಗೆದುಕೊಳ್ಳೋಣ. ಹಸಿಯ ಸ್ಥಿತಿಯಿಂದ ಪೂರ್ತಿ ಒಣಗುವವರೆಗೆ ಅದು ಬೆಳವಣಿಗೆಯ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಶೇಕಡಾ 5.8ರಷ್ಟೂ, ತಿರುಳಿನಿಂದ ತೊಗಟೆಯ ಕಡೆಗೆ ಶೇಕಡಾ 2.5ರಷ್ಟೂ ಕುಗ್ಗುತ್ತದೆ. ಎಳೆಯ ಉದ್ದಕ್ಕಾದರೋ ಕುಗ್ಗುವುದು ಶೇಕಡಾ ಒಂದರ ಕಾಲುಭಾಗಕ್ಕಿಂತಲೂ ಕಡಿಮೆ. ಮರಗಳಲ್ಲೆಲ್ಲ ಸಾಧುವೆನಿಸಿಕೊಂಡ ಸಾಗುವಾನಿಯ ಲೆಕ್ಕವೇ ಇಷ್ಟಾದರೆ ಉಳಿದ ಅನೇಕ ಮರಗಳದು ಇದಕ್ಕೂ ಹೆಚ್ಚು.

ಇದನ್ನು ಮೇಜಿನ ಅಳತೆಗೆ ಇಳಿಸಿ ನೋಡಬೇಕು. ಆರಡಿ ಉದ್ದ, ಮೂರಡಿ ಅಗಲದ ಸಾಗುವಾನಿಯ ಮೇಜು. ಮಳೆಗಾಲದಲ್ಲಿ ಅದರ ತೇವ ಶೇಕಡಾ 14, ಬಿರುಬೇಸಗೆಯಲ್ಲಿ ಶೇಕಡಾ 8 ಎಂದಿಟ್ಟುಕೊಳ್ಳೋಣ. ಉಂಗುರಗಳ ಸುತ್ತಿಗೆ ಸಮನಾಗಿ ಕೊಯ್ದ ಹಲಗೆಗಳಾದರೆ ಅಗಲದಲ್ಲಿ ಅರ್ಧ ಅಂಗುಲಕ್ಕೆ ತುಸು ಕಡಿಮೆಯಷ್ಟು ವ್ಯತ್ಯಾಸವಾಗುತ್ತದೆ. ಉಂಗುರಗಳಿಗೆ ಅಡ್ಡಲಾಗಿ, ತಿರುಳಿನಿಂದ ತೊಗಟೆಯ ಕಡೆಗೆ ಕೊಯ್ದ ಹಲಗೆಗಳಾದರೆ ವ್ಯತ್ಯಾಸವು ಕಾಲು ಅಂಗುಲಕ್ಕೂ ಕಡಿಮೆ. ಆರಡಿ ಉದ್ದದಲ್ಲಾಗುವ ವ್ಯತ್ಯಾಸ ಒಂದು ರಟ್ಟಿನ ದಪ್ಪವನ್ನೂ ಮುಟ್ಟದು. ಆದಕಾರಣ ಮೇಜು ಮಾಡುವವನ ಚಿಂತೆಯೆಲ್ಲ ಅಗಲದ್ದು. ಉದ್ದವನ್ನು ಕುರಿತು ಯಾರೂ ಯೋಚಿಸಬೇಕಾಗಿಲ್ಲ.

ಹಲಗೆ ಯಾವ ಜಾತಿಯ ಕೊಯ್ತದ್ದೆಂಬುದನ್ನು ಗೃಹಸ್ಥರೇ ಪರೀಕ್ಷಿಸಬಹುದು. ಹಲಗೆಯ ತಲೆಗಡೆಯನ್ನು ನೋಡಿರಿ. ಉಂಗುರದ ಗೆರೆಗಳು ಮಲಗಿದ್ದರೆ ಅದು ಹೆಚ್ಚು ಅಲುಗುವ ಹಲಗೆ. ಅದರ ಮೈಮೇಲೆ ಕಮಾನು ಕಮಾನಾದ ಚಿತ್ರವಿರುತ್ತದೆ. ಗೆರೆಗಳು ನೆಟ್ಟಗೆ ನಿಂತಿದ್ದರೆ ಅದು ಸ್ಥಿರವಾದ ಹಲಗೆ. ಮೈಮೇಲೆ ನೇರವಾದ ಸಾಲುಗಳಿರುತ್ತವೆ. ಎರಡನೆಯದಕ್ಕೆ ಮರ ಹೆಚ್ಚು ವ್ಯರ್ಥವಾಗುವುದರಿಂದ ಬೆಲೆಯೂ ಹೆಚ್ಚು. ಅಷ್ಟು ಬೆಲೆ ಕೊಡಲಾರದವರು ಮೊದಲನೆಯದನ್ನೇ ಕೊಳ್ಳಬಹುದು, ಜೋಡಣೆಯಲ್ಲಿ ಎಡೆ ಬಿಟ್ಟರಾಯಿತು.

ಚೆನ್ನಾಗಿ ಒಣಗಿದ ಮರವು ಮತ್ತೆ ಅಲುಗುವುದಿಲ್ಲವೆಂದು ಬಹುಮಂದಿಯ ನಂಬಿಕೆ. ಇದು ಅರ್ಧಸತ್ಯ. ಬ್ರಹ್ಮದೇಶದ ಕಾಡುಗಳಲ್ಲಿ ಸಾಗುವಾನಿಯ ಬುಡದ ಸುತ್ತ ತೊಗಟೆಯನ್ನೂ ಬಿಳಿಮರವನ್ನೂ ಕಡಿದು, ನಿಂತಲ್ಲಿಯೇ ಒಣಗಲು ಬಿಟ್ಟು, ಕೆಲವು ವರ್ಷಗಳ ಮೇಲೆ ಉರುಳಿಸುವ ಪದ್ಧತಿಯಿತ್ತು. ಹಸಿಯ ಸಾಗುವಾನಿ ನದಿಯಲ್ಲಿ ತೇಲದೆಂಬುದು ಅದಕ್ಕೆ ಮುಖ್ಯ ಕಾರಣ. ಹಾಗೆ ಒಣಗಿದ ಮರವೂ, ನೂರು ವರ್ಷದ ಹಳೆಯ ತೊಲೆಯಿಂದ ಕೊಯ್ದ ಹಲಗೆಯೂ ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಹಿಗ್ಗಿಯೇ ತೀರುತ್ತವೆ. ಒಣಗಿಸುವುದರಿಂದ ಮೊದಲ ದೊಡ್ಡ ಕುಗ್ಗುವಿಕೆಯೂ ಸೊಟ್ಟವೂ ಕೆಲಸಕ್ಕೆ ಮುಂಚೆಯೇ ಮುಗಿದುಹೋಗುತ್ತವೆ. ವರ್ಷವರ್ಷದ ಉಸಿರಾಟ ನಿಲ್ಲುವುದಿಲ್ಲ. ಮೆರುಗೆಣ್ಣೆಯೂ ಆ ಉಸಿರಾಟವನ್ನು ನಿಧಾನಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ಮೇಲ್ಮೈಗೆ ಮಾತ್ರ ಮೆರುಗು ಕೊಟ್ಟು ಅಡಿಮೈಯನ್ನು ಬರಿದೇ ಬಿಟ್ಟರೆ, ಒಂದು ಮೈ ಬೇಗನೆ, ಇನ್ನೊಂದು ಮೈ ತಡವಾಗಿ ತೇವವನ್ನು ಹೀರಿ ಹಲಗೆಯು ದೊನ್ನೆಯಂತೆ ಬಾಗುತ್ತದೆ. ಎರಡು ಮೈಗೂ, ಮುಖ್ಯವಾಗಿ ತಲೆಗಡೆಗಳಿಗೂ, ಸಮನಾಗಿ ಬಳಿಯತಕ್ಕದ್ದು.

ನಮ್ಮ ನಾಡಿನಲ್ಲಿಯೇ ಒಂದು ಸೀಮೆಯ ಹವೆ ಇನ್ನೊಂದರದಲ್ಲ. ಭಾರತೀಯ ಮಾನಕ ಸಂಸ್ಥೆಯವರು ಗಾಳಿಯ ಆರ್ದ್ರತೆಯನ್ನನುಸರಿಸಿ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಯಾವ ವಲಯದಲ್ಲಿ ಮರದ ತೇವ ಎಷ್ಟಿರಬಹುದೆಂಬುದನ್ನು ಗೊತ್ತುಮಾಡಿದ್ದಾರೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಶಾಲೆಯಾಗಿ ಆರಂಭವಾದ ಅದು ಮರವನ್ನು ಹದಗೊಳಿಸುವ ವಿಷಯವನ್ನೂ ವ್ಯಾಸಂಗಮಾಡುತ್ತ ಬಂದಿದೆ. ಮಂಗಳೂರಿನಲ್ಲಿ ಮಾಡಿಸಿದ ಮೇಜನ್ನು ವರ್ಗವಾದಾಗ ಬಳ್ಳಾರಿಗೆ ಸಾಗಿಸುವವರು ಇದನ್ನು ನೆನಪಿನಲ್ಲಿಡಬೇಕು. ಹವೆಯನ್ನು ತಂಪುಮಾಡುವ ಯಂತ್ರವಿರುವ ಕೋಣೆಯೂ ಒಂದು ಒಣಸೀಮೆಯೇ.

ಇನ್ನು ಜೋಡಣೆಯ ಮಾತು. ಹಲಗೆಗಳನ್ನು ಪಕ್ಕಪಕ್ಕಕ್ಕೆ ಅಂಟಿನಿಂದ ಕೂಡಿಸುವುದರಲ್ಲಿ ಯಾವ ತಪ್ಪೂ ಇಲ್ಲ, ಏಕೆಂದರೆ ಎಳೆಗಳೆಲ್ಲ ಒಂದೇ ದಿಕ್ಕಿಗಿದ್ದು ಅವು ಜೊತೆಯಾಗಿಯೇ ಹಿಗ್ಗಿ ಕುಗ್ಗುತ್ತವೆ. ಅಡ್ಡ ಎಳೆಯ ಮರವನ್ನು ಅದಕ್ಕೆ ಬಿಗಿದಾಗ ತೊಂದರೆ ಮೊದಲಾಗುತ್ತದೆ. ಅಡಿಯಲ್ಲಿ ಅಡ್ಡಪಟ್ಟಿಯನ್ನಿಟ್ಟು ಅಂಟು ಹಾಕಿ ಮೊಳೆ ಹೊಡೆಯುವುದು, ಕಾಲುಗಳ ಚೌಕಟ್ಟಿಗೆ ಹಲಗೆಯನ್ನು ಸುತ್ತಲೂ ತಿರುಪುಮೊಳೆಗಳಿಂದ ಬಿಗಿಯುವುದು, ಇವೆರಡೂ ಬಹಳ ಬಳಕೆಯಲ್ಲಿರುವ ತಪ್ಪುಗಳು. ಪಟ್ಟಿಯು ತನ್ನ ಉದ್ದದಲ್ಲಿ ಅಲುಗುವುದಿಲ್ಲ, ಹಲಗೆಯು ತನ್ನ ಅಗಲದಲ್ಲಿ ಅಲುಗದೆ ಬಿಡುವುದಿಲ್ಲ. ಸೋಲುವುದು ಹಲಗೆಯೇ.

ಇದಕ್ಕೆ ಪರಿಹಾರಗಳು ಮೂರು. ಮೊದಲನೆಯದು, ಅಡ್ಡಪಟ್ಟಿಗೆ ಅಂಟು ಹಾಕದಿರುವುದು. ಪಟ್ಟಿಯ ನಡುವಿನ ಒಂದು ತೂತನ್ನು ಮಾತ್ರ ದುಂಡಗೆ ಕೊರೆದು ತಿರುಪುಮೊಳೆಯನ್ನು ಬಿಗಿಯಬೇಕು; ಉಳಿದ ತೂತುಗಳನ್ನು ಪಟ್ಟಿಯ ಉದ್ದಕ್ಕೆ ನೀಳವಾಗಿ ಕೊರೆದು, ಬಿಲ್ಲೆಯನ್ನಿಟ್ಟು, ಜಾರಲು ಬಿಡುವಷ್ಟೇ ಬಿಗಿಯಬೇಕು. ಮೂರಡಿಯ ಮೇಜು ನಡುವಿನಿಂದ ಎರಡು ಕಡೆಗೂ ಹಂಚಿಕೊಂಡು ಅಲುಗುವುದರಿಂದ, ಕೊನೆಯ ತೂತುಗಳಲ್ಲಿ ಮೊಳೆಯ ಆಚೆಗೂ ಈಚೆಗೂ ಕಾಲು ಅಂಗುಲ ಎಡೆಯಿದ್ದರೆ ಸಾಕು.

ಎರಡನೆಯದು, ಹಲಗೆಯನ್ನು ಚೌಕಟ್ಟಿಗೆ ಮರದ ಸಣ್ಣ ತುಂಡುಗಳಿಂದ ಹಿಡಿಸುವುದು. ಚೌಕಟ್ಟಿನ ಒಳಮೈಯಲ್ಲಿ ಒಂದು ತೋಡನ್ನು ತೆಗೆದು, ತುಂಡಿನ ನಾಲಗೆಯನ್ನು ಅದರಲ್ಲಿ ತೂರಿಸಿ, ತುಂಡನ್ನು ಮೇಲಿನ ಹಲಗೆಗೆ ತಿರುಪುಮೊಳೆಯಿಂದ ಬಿಗಿಯುತ್ತಾರೆ. ಹಲಗೆ ಅಲುಗಿದಾಗ ನಾಲಗೆಯು ತೋಡಿನಲ್ಲಿ ಜಾರುತ್ತದೆ. ಹಲಗೆ ಮಾತ್ರ ಮೇಲಕ್ಕೆ ಏಳುವುದಿಲ್ಲ. ಉದ್ದದ ಪಕ್ಕಗಳಲ್ಲಿ ನಾಲಗೆಯ ತುದಿಗೂ ತೋಡಿನ ತಳಕ್ಕೂ ನಡುವೆ ಎಡೆ ಬಿಡುವುದನ್ನು ಮರೆಯಬಾರದು.

ಮೂರನೆಯದು, ಮೇಜಿನ ಎರಡು ತಲೆಗಳಿಗೂ ಅಡ್ಡಮರವನ್ನು ಕೂಡಿಸುವ ಅಂದವಾದ ಕೆಲಸ. ಇದರಲ್ಲಿ ಹಲಗೆಯ ನಾಲಗೆಯು ಅಡ್ಡಮರದ ತೋಡಿನಲ್ಲಿ ಕೂರುತ್ತದೆ. ಅಂಟನ್ನು ನಡುವಿನ ಮೂರು ನಾಲ್ಕು ಅಂಗುಲಗಳಿಗೆ ಮಾತ್ರ ಹಚ್ಚಿ, ಅಂಚಿನ ಕಡೆಯ ಮರದ ಗೂಟಗಳಿಗೆ ನಾಲಗೆಯಲ್ಲಿ ನೀಳವಾದ ತೂತನ್ನು ಕೊರೆಯಬೇಕು. ಹೀಗೆ ಮಾಡಿದ ಮೇಜಿನಲ್ಲಿ ಬೇಸಗೆಯಲ್ಲಿ ಅಡ್ಡಮರದ ತುದಿಯೂ, ಮಳೆಗಾಲದಲ್ಲಿ ಹಲಗೆಯ ಅಂಚೂ ಒಂದಿಷ್ಟು ಹೊರಚಾಚುತ್ತವೆ. ಇದನ್ನು ಕಂಡು ಬಡಗಿಯನ್ನು ನಿಂದಿಸಬಾರದು. ಮೇಜು ಕೆಡದೆ ಉಳಿದಿದೆಯೆಂಬುದಕ್ಕೆ ಅದೇ ಗುರುತು.

ಎಡೆಯನ್ನು ಯಾವ ಕಡೆಗೆ ಬಿಡಬೇಕೆಂಬುದು ಮಾಡಿದ ಕಾಲವನ್ನು ಅನುಸರಿಸುತ್ತದೆ. ವೈಶಾಖದಲ್ಲಿ ಮಾಡಿದ ಮೇಜಿಗೆ ಹಿಗ್ಗಲು ಎಡೆ ಬೇಕು. ಶ್ರಾವಣದಲ್ಲಿ ಮಾಡಿದ್ದಕ್ಕೆ ಕುಗ್ಗಲು ಎಡೆ ಬೇಕು. ಪ್ಲೈವುಡ್ಡಿನಲ್ಲಿ ತೆಳುಹಾಳೆಗಳ ಎಳೆಗಳು ಒಂದಕ್ಕೊಂದು ಅಡ್ಡಲಾಗಿದ್ದು ಪರಸ್ಪರ ತಡೆಯುವುದರಿಂದ ಅದಕ್ಕೆ ಈ ಉಪಚಾರವೆಲ್ಲ ಬೇಕಿಲ್ಲ.

ಈಗಾಗಲೇ ಸೀಳಿದ ಮೇಜುಳ್ಳವರು ಬೇಸಗೆಯ ಬಿರುಕಿಗೆ ಒಡನೆಯೇ ಲಪ್ಪವನ್ನು ತುಂಬಬಾರದು. ಮಳೆಗಾಲದಲ್ಲಿ ಹಲಗೆ ಹಿಗ್ಗಿದಾಗ ಲಪ್ಪವು ಹಿಸುಕಿ ಹೊರಬರುತ್ತದೆ, ಇಲ್ಲವೆ ಇನ್ನೊಂದು ಕಡೆ ಒತ್ತುತ್ತದೆ. ಮೊದಲು ಅಡಿಯ ತಿರುಪುಮೊಳೆಗಳನ್ನು ಸಡಿಲಿಸಿ ಹಲಗೆಯನ್ನು ಬಂಧನದಿಂದ ಬಿಡಿಸಬೇಕು. ಎಷ್ಟೋ ಸಲ ಬಿರುಕು ತಾನಾಗಿಯೇ ಕಿರಿದಾಗುತ್ತದೆ. ಅನಂತರ ಅಂಟು ಹಾಕಿ ಬಿಗಿಹಿಡಿಸಿ, ತೂತುಗಳನ್ನು ನೀಳಮಾಡಿ ಮತ್ತೆ ಕೂಡಿಸತಕ್ಕದ್ದು. ಕಾರಣವನ್ನು ಕಳೆಯದೆ ಬಿರುಕನ್ನು ಮುಚ್ಚಿದರೆ ಮುಂದಿನ ಫಾಲ್ಗುಣದಲ್ಲಿ ಅದು ಮತ್ತೆ ಬಾಯಿಬಿಡುವುದು.

ಹೊಸದಾಗಿ ಮಾಡಿಸುವವರು ಬಡಗಿಯನ್ನು ಕೇಳಬೇಕಾದ ಮಾತುಗಳು ಕೆಲವೇ. ಮರವು ನೆರಳಿನಲ್ಲಿ, ನಡುನಡುವೆ ಪಟ್ಟಿಯಿಟ್ಟು ಪೇರಿಸಿ ಒಣಗಿದ್ದೇ? ಅದರ ತೇವವನ್ನು ಅಳತೆಯ ಸಾಧನದಿಂದ ನೋಡಿದ್ದೀರಾ? ಕೊಯ್ದ ಹಲಗೆಗಳನ್ನು ಎರಡು ಮೂರು ವಾರ ನಮ್ಮ ಮನೆಯಲ್ಲಿಯೇ ಇರಿಸಿ ಆಮೇಲೆ ಹತ್ತರಿ ಹಿಡಿಯುವಿರಾ? ಹಲಗೆಯನ್ನು ಚೌಕಟ್ಟಿಗೆ ಹೇಗೆ ಹಿಡಿಸುವಿರಿ? ಬಲ್ಲ ಕೆಲಸಗಾರನು ಈ ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರ ಹೇಳುತ್ತಾನೆ. ಆದರೆ ಕೇಳುವವರೂ ಒಂದು ಮಾತನ್ನು ಕೊಡಬೇಕು. ಗೃಹಪ್ರವೇಶ ಹತ್ತಿರ ಬಂತೆಂದು ಅವಸರಪಡಿಸಿ, ಹಲಗೆ ಹದಕ್ಕೆ ಬರುವ ಮುನ್ನವೇ ಮೇಜನ್ನು ಕೂಡಿಸಹೇಳಿದವರು ಆಮೇಲೆ ಸೀಳಿತೆಂದು ಕೂಲಿಯನ್ನು ಹಿಡಿಯುವುದು ನ್ಯಾಯವಲ್ಲ. ಮರಕ್ಕೆ ಎಡೆಯನ್ನೂ ಬಡಗಿಗೆ ಕಾಲಾವಕಾಶವನ್ನೂ ಕೊಟ್ಟು ಮಾಡಿಸಿದ ಮೇಜಿನ ಸುತ್ತ ಮೊಮ್ಮಕ್ಕಳೂ ಕುಳಿತು ಉಣ್ಣಬಹುದು.