ಸಹಿ ಅಳಿಯನದು, ಶರೀರ ಮಾವನದು

ಊರಿನಿಂದ ಬಂದ ನೆಂಟರನ್ನು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಕರೆದೊಯ್ಯದ ಕನ್ನಡ ಮನೆತನ ಈ ಮಹಾನಗರದಲ್ಲಿ ವಿರಳ. ಕೇಸ್ ಪೇಪರು ಮಾಡಿಸುತ್ತೇವೆ, ಡಾಕ್ಟರರ ಹಿಂದಿ-ಮರಾಠಿಯನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತೇವೆ, ರಾತ್ರಿ ಊಟದ ಡಬ್ಬಿ ಮುಟ್ಟಿಸುತ್ತೇವೆ. ಒಂದು ಮಾತನ್ನು ಮಾತ್ರ ನುಂಗಿಬಿಡುತ್ತೇವೆ. ಪ್ರೊಸ್ಟೇಟ್ ಗ್ರಂಥಿಗೋ ಗುದನಾಳಕ್ಕೋ ಶಸ್ತ್ರಕ್ರಿಯೆಯಾದ ಗಂಡಸಿನ ದಾಂಪತ್ಯದ ಗತಿಯೇನೆಂಬ ಮಾತು ಅದು.

ನಮ್ಮ ಪರಿಚಯದವರೊಬ್ಬರ ಕಥೆ ಕೇಳಿ. ವಯಸ್ಸು ಐವತ್ತನಾಲ್ಕು. "ಏನಿಲ್ಲ ಮಾವಾ, ನಾಲ್ಕೈದು ಸಣ್ಣ ತೂತು, ವಾರದೊಳಗೆ ಮನೆ" ಎಂದು ಅಳಿಯ ಧೈರ್ಯ ತುಂಬಿದ. ಸಹಿಯನ್ನೂ ಅವನೇ ಹಾಕಿದ. ಅತ್ತೆಯನ್ನು ಕೇಳುವ ಮಾತೇ ಇಲ್ಲ. ಆರು ತಿಂಗಳ ಮೇಲೆ ಮಾವನವರು ಲೋಕಲ್ ಗಾಡಿಯ ಡಬ್ಬದಲ್ಲಿ ಅಂಟಿಸಿದ್ದ 'ಗುಪ್ತರೋಗ'ದ ಚೀಟಿ ನೋಡಿ ಯಾರೋ ವೈದ್ಯನೆನಿಸಿಕೊಂಡವನಿಗೆ ಹಣ ಸುರಿದು ಬಂದರು.

ತೂತು ಸಣ್ಣದಾದರೆ ಒಳಗಿನ ಕೆಲಸವೂ ಸಣ್ಣದೇ? ನಿಮಿರುವಿಕೆಗೆ ಬೇಕಾದ ಕೂದಲೆಳೆಯಂಥ ನರಗಳು ಪ್ರೊಸ್ಟೇಟಿನ ಎರಡೂ ಮಗ್ಗುಲಿಗೆ ಅಂಟಿಕೊಂಡೇ ಹರಿಯುತ್ತವೆ. ಅವನ್ನು ಉಳಿಸಿ ಗ್ರಂಥಿ ತೆಗೆಯುವ ಕ್ರಮವನ್ನು ಅಮೆರಿಕದ ಡಾ. ಪ್ಯಾಟ್ರಿಕ್ ವಾಲ್ಶ್ 1982ರಲ್ಲಿ ಮಾಡಿ ತೋರಿಸಿದರು. ದುರ್ಬೀನಿನಲ್ಲಿ ನರಗಳು ದೊಡ್ಡದಾಗಿ ಕಾಣುವುದು ನಿಜ. ಆದರೆ ಗಡ್ಡೆ ನರಕ್ಕೇ ತಗಲಿದ್ದರೆ ನರವನ್ನೂ ತೆಗೆಯಬೇಕಾದೀತು. ಉಳಿದ ನರವೂ ಎಳೆತಕ್ಕೆ, ಕಾವಿಗೆ ಸಿಕ್ಕಿ ತಿಂಗಳುಗಟ್ಟಲೆ ಮಂಕಾಗಿರುತ್ತದೆ. ಚೇತರಿಸಲು ಒಂದೂವರೆ-ಎರಡು ವರ್ಷವೂ ಹಿಡಿದೀತು, ಕೆಲವರಿಗೆ ಪೂರ್ತಿ ಬಾರದೆಯೂ ಇದ್ದೀತು. ಪ್ರೊಸ್ಟೇಟನ್ನು ಪೂರ್ತಿ ತೆಗೆದ ಮೇಲೆ ವೀರ್ಯ ಹೊರಬರುವುದಿಲ್ಲ. ಸುಖದ ಅನುಭವ ಮಾತ್ರ ಉಳಿಯಬಹುದು. ಇನ್ನೂ ಮಕ್ಕಳು ಬೇಕೆನ್ನುವವನು ಮೊದಲೇ ವೀರ್ಯವನ್ನು ಶೇಖರಿಸಿಡಬೇಕು. ಈ ನಿಮಿಷದ ಮಾತನ್ನು ಆ ಮಾವನವರಿಗೆ ಯಾರಾದರೂ ಹೇಳಿದ್ದರೆ ಚೀಟಿಯವನ ಮೆಟ್ಟಿಲು ಹತ್ತುತ್ತಿದ್ದರೇ?

"ಜೀವ ಉಳಿಯಿತಲ್ಲ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?" ಎನ್ನುವ ಹಿರಿಯರಿದ್ದಾರೆ. ಯಾಕೆಂದು ನಿರ್ಧರಿಸಲು ಅವರು ಯಾರು? ರೋಗಿಗೆ ತಿಳಿವಳಿಕೆ ಇರುವಾಗ ಒಪ್ಪಿಗೆ ಅವನದೇ ಆಗಬೇಕು, ಮನೆಯವರ ಸಹಿ ಅದಕ್ಕೆ ಬದಲಿಯಲ್ಲ, ಮುಖ್ಯ ಅಪಾಯಗಳನ್ನು ಮೊದಲೇ ತಿಳಿಸಬೇಕು ಎಂದು ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ. ಇದೇ ಮುಂಬಯಿಯಲ್ಲಿ ರ. ಧೋ. ಕರ್ವೆಯವರು 1927ರಲ್ಲಿ 'ಸಮಾಜಸ್ವಾಸ್ಥ್ಯ' ಹೊರಡಿಸಿ ಕಾಮದ ವಿಷಯವನ್ನು ಮರಾಠಿಯಲ್ಲಿ ಬಹಿರಂಗವಾಗಿ ಬರೆದರು, ಅದಕ್ಕಾಗಿ ಕೋರ್ಟಿಗೂ ಅಲೆದರು. ಅವರ ನೆರೆಯಲ್ಲೇ ಬೆಳೆದ ನಾವು ಇನ್ನೂ ಕಿವಿ ಮುಚ್ಚಿ ಕುಳಿತಿದ್ದೇವೆ.

ಅಳಿಯಂದಿರು ಹೊರಗೆ ಬೆಂಚಿನ ಮೇಲೆ ಕೂರಲಿ. ಗಂಡ-ಹೆಂಡತಿ ಇಬ್ಬರೂ ಒಳಗೆ ಹೋಗಿ, ನರ ಉಳಿಯುವುದೇ, ಉಳಿಯದಿದ್ದರೆ ಮುಂದೇನು ಚಿಕಿತ್ಸೆ ಎಂದು ಕೇಳಲಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವರು ಅದನ್ನೂ ಡಾಕ್ಟರರಿಗೆ ಹೇಳಲಿ. ನಿಮಿರುವಿಕೆಯ ಮಾತ್ರೆ ಅದರೊಡನೆ ಸೇರಿದರೆ ಪ್ರಾಣಕ್ಕೇ ಅಪಾಯ. ಕನ್ನಡದಲ್ಲಿ ಕೇಳಿ ಹೇಳುವವರು ಬೇಕಾದರೆ ನಾವು ಬರುತ್ತೇವೆ, ಆದರೆ ಈ ಸಲ ಒಂದು ಮಾತನ್ನೂ ನುಂಗದೆ.