ಎಂಜಿನ್ ದೊಡ್ಡದಾದರೆ ಸಾಕೇ?

ವಿಮಾನದ ಎಂಜಿನ್ನನ್ನು ಕಾರಿಗೆ ಕೂರಿಸಿದರೆ ಏನಾಗುತ್ತದೆ? ಶಿಕ್ಷಕ ಮಿತ್ರರೇ, ನಿಮ್ಮ ಏಳನೇ ತರಗತಿಯಲ್ಲಿ ಕೇಳಿ ನೋಡಿ. ‘ಕಾರು ಹಾರುತ್ತದೆ ಸಾರ್’ ಎನ್ನುವ ಮಗು ಇದ್ದೇ ಇರುತ್ತದೆ. ಹಾರಲು ರೆಕ್ಕೆ ಬೇಕು, ಎಂಜಿನ್ ಒಂದೇ ಸಾಲದು. ಆದರೆ ಕಾರು ಭಾರೀ ವೇಗದಲ್ಲಿ ಓಡುವುದಂತೂ ನಿಜ.

1918ರಲ್ಲಿ ಮೊದಲ ಮಹಾಯುದ್ಧ ಮುಗಿದಾಗ ಯುದ್ಧವಿಮಾನಗಳಿಗೆಂದು ತಯಾರಾದ ಎಂಜಿನ್‌ಗಳು ರಾಶಿ ರಾಶಿ ಉಳಿದವು. ವೇಗದ ಹುಚ್ಚಿನವರು ಅವನ್ನು ಕೊಂಡು ಕಾರುಗಳಿಗೆ ಜೋಡಿಸಿದರು. ಅಂಥ ಒಂದು ಕಾರಿನ ಹೆಸರು ‘ಬೇಬ್ಸ್’. ಅದರ ಎಂಜಿನ್ ಅಮೆರಿಕದ ಲಿಬರ್ಟಿ; 12 ಸಿಲಿಂಡರ್, 27 ಲೀಟರ್ ಗಾತ್ರ. ನಮಗೆ ಪರಿಚಿತವಾದ ಮಾರುತಿ 800 ಕಾರಿನ ಎಂಜಿನ್ ಒಂದು ಲೀಟರ್ ಕೂಡ ಇಲ್ಲ! 1926ರ ಏಪ್ರಿಲ್‌ನಲ್ಲಿ ವೇಲ್ಸ್‌ನ ಪೆಂಡೈನ್ ಕಡಲತೀರದಲ್ಲಿ ಎಂಜಿನಿಯರ್ ಜೆ.ಜಿ. ಪ್ಯಾರಿ-ಥಾಮಸ್ ಅದನ್ನು ಗಂಟೆಗೆ ಸುಮಾರು 275 ಕಿ.ಮೀ. ವೇಗದಲ್ಲಿ ಓಡಿಸಿ ವಿಶ್ವದಾಖಲೆ ಮಾಡಿದರು. ಮರುವರ್ಷ ಬೇರೊಬ್ಬರು ಆ ದಾಖಲೆ ಮುರಿದರು. ಅದನ್ನು ಮರಳಿ ಪಡೆಯಲು ಹೊರಟ ಥಾಮಸ್ 1927ರ ಮಾರ್ಚ್ 3ರಂದು ಅದೇ ತೀರದಲ್ಲಿ ಅಪಘಾತಕ್ಕೀಡಾಗಿ ಮಡಿದರು.

ಶಕ್ತಿಗೇನೂ ಕೊರತೆ ಇರಲಿಲ್ಲ. ಆದರೆ ವಿಮಾನದಲ್ಲಿ ಎಂಜಿನ್ ತಿರುಗಿಸುವುದು ಪ್ರೊಪೆಲ್ಲರನ್ನು. ಕಾರಿನಲ್ಲಿ ಅದೇ ಶಕ್ತಿ ಕ್ಲಚ್, ಗೇರು, ಚೈನು, ಚಕ್ರ, ಟೈರುಗಳನ್ನು ದಾಟಿ ನೆಲ ಮುಟ್ಟಬೇಕು. ಇವುಗಳಲ್ಲಿ ಒಂದು ಸೋತರೂ ಎಂಜಿನ್ನಿನ ಬಲವೇ ಶತ್ರುವಾಗುತ್ತದೆ.

ಅಂದು ಸೋತದ್ದು ಯಾವುದು? ಚೈನು ತುಂಡಾಗಿ ಥಾಮಸ್‌ಗೆ ಬಡಿಯಿತು ಎಂದೇ ಬಹುಕಾಲ ನಂಬಲಾಗಿತ್ತು. ಕಾರನ್ನು ಮರಳಿನಲ್ಲಿ ಹೂತುಬಿಟ್ಟಿದ್ದರು. 1969ರಲ್ಲಿ ಓವೆನ್ ವಿನ್ ಓವೆನ್ ಎಂಬ ಅಧ್ಯಾಪಕರು ಅದನ್ನು ಅಗೆದು ತೆಗೆಸಿ, ವರ್ಷಗಟ್ಟಲೆ ದುಡಿದು ಮತ್ತೆ ಓಡುವಂತೆ ಮಾಡಿದರು. ಹಿಂದಿನ ಚಕ್ರ ಮುರಿದು ಕಾರು ಉರುಳಿರಬೇಕು ಎಂಬ ಇನ್ನೊಂದು ವಿವರಣೆ ಆನಂತರವೇ ಬಂದದ್ದು. ಅಲ್ಲಿಯವರೆಗೆ, 42 ವರ್ಷ, ಸಾಕ್ಷ್ಯ ಮರಳಿನಡಿ ಮಲಗಿತ್ತು.

ನಾವೂ ಹೂಳುತ್ತಿದ್ದೇವೆ. ವಿಜ್ಞಾನ ಮೇಳದಲ್ಲಿ ಓಡಿದ ಮಾದರಿಗೆ ಬಹುಮಾನ, ಓಡದ್ದಕ್ಕೆ ಮೂಲೆ. ಮಾದರಿ ಓಡದಿದ್ದರೆ ಮಕ್ಕಳು ಮಾಡುವ ಮೊದಲ ಕೆಲಸ ಇನ್ನೊಂದು ಸೆಲ್ ಹಾಕುವುದು! ಅವರನ್ನು ತಡೆಯಿರಿ. ‘ಶಕ್ತಿ ಎಲ್ಲಿಯವರೆಗೆ ಬಂತು? ಎಲ್ಲಿ ನಿಂತಿತು?’ ಎಂದು ಕೇಳಿ. ಮಾದರಿಯನ್ನು ಅವರ ಕೈಯಿಂದಲೇ ಬಿಚ್ಚಿಸಿ. ಕಾರಣ ಕಂಡುಹಿಡಿದ ಮಗುವಿಗೂ ಬಹುಮಾನ ಇರಲಿ.

ಇದಕ್ಕೆಲ್ಲ ಸಮಯವೆಲ್ಲಿ ಎನ್ನುವಿರಾ? ಒಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ. ಪೆಡಲಿನಿಂದ ಟೈರಿನವರೆಗೆ ಶಕ್ತಿ ಸಾಗುವ ದಾರಿಯನ್ನು ಮಕ್ಕಳೇ ಬೆರಳಿಟ್ಟು ತೋರಿಸಲಿ. ಒಂದು ಪೀರಿಯಡ್ ಸಾಕು.