ಜಾನಕಿ ರಾಮಚಂದ್ರನ್ ಮತ್ತು ಜೀವನಚರಿತ್ರಕಾರನ ಹೊಣೆ

1989ರ ಜನವರಿಯ ತಮಿಳುನಾಡು ವಿಧಾನಸಭಾ ಚುನಾವಣೆಯಲ್ಲಿ ಪಶ್ಚಿಮ ಘಟ್ಟದ ತಪ್ಪಲಿನ ಎರಡು ನೆರೆಹೊರೆಯ ಕ್ಷೇತ್ರಗಳು ಎರಡು ಬೇರೆ ತೀರ್ಪುಗಳನ್ನು ಕೊಟ್ಟವು. ಬೋಡಿನಾಯಕನೂರಿನ ಮತದಾರರು ಜಯಲಲಿತಾ ಅವರನ್ನು ಮೊದಲ ಬಾರಿಗೆ ಶಾಸನಸಭೆಗೆ ಕಳುಹಿಸಿದರು. ಆಂಡಿಪಟ್ಟಿಯ ಮತದಾರರು ವಿ.ಎನ್. ಜಾನಕಿ ರಾಮಚಂದ್ರನ್ ಅವರನ್ನು ಸೋಲಿಸಿದರು. ಈ ಎರಡೂ ಊರುಗಳು ಇಂದಿನ ತೇನಿ ಜಿಲ್ಲೆಯವು. ಅಂದು ಅವು ಮದುರೆ ಜಿಲ್ಲೆಯಲ್ಲಿದ್ದವು. ಗೆದ್ದವರ ಜೀವನಚರಿತ್ರೆಗಳು ಹಲವು ಬಂದಿವೆ. ಸೋತವರು ಇತರರ ಜೀವನಚರಿತ್ರೆಗಳಲ್ಲಿ ಒಂದು ಅಧ್ಯಾಯವಾಗಿ, ಕೆಲವೊಮ್ಮೆ ಒಂದು ಪರಿಚ್ಛೇದವಾಗಿ ಉಳಿದಿದ್ದಾರೆ.

ಆಂಡಿಪಟ್ಟಿ ಸಾಮಾನ್ಯ ಕ್ಷೇತ್ರವಲ್ಲ. 1984ರ ಡಿಸೆಂಬರಿನಲ್ಲಿ ಎಂ.ಜಿ. ರಾಮಚಂದ್ರನ್ ಅಮೆರಿಕದ ಬ್ರೂಕ್ಲಿನ್ ಆಸ್ಪತ್ರೆಯಲ್ಲಿದ್ದುಕೊಂಡೇ, ಕ್ಷೇತ್ರಕ್ಕೆ ಒಮ್ಮೆಯೂ ಬಾರದೆ, ಅಲ್ಲಿಂದ ಗೆದ್ದರು. ನೆರೆಯ ದಿಂಡುಗಲ್ಲಿನಲ್ಲಿ 1973ರ ಲೋಕಸಭಾ ಉಪಚುನಾವಣೆಯಲ್ಲಿ ಮಾಯಾ ತೇವರ್ ಗೆದ್ದಾಗಲೇ, ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಅಣ್ಣಾ ಡಿಎಂಕೆ ಪಕ್ಷಕ್ಕೂ ಎರಡೆಲೆ ಚಿಹ್ನೆಗೂ ಮೊದಲ ಜಯ ದಕ್ಕಿತ್ತು. ಇಂಥ ನೆಲದಲ್ಲಿ, ಕಣ್ಣಿಗೆ ಕಾಣದ ನಾಯಕನಿಗೆ ಮತ ಹಾಕಿದ ಜನರೇ ನಾಲ್ಕು ವರ್ಷಗಳ ತರುವಾಯ ಕಣ್ಣೆದುರು ನಿಂತ ಆತನ ಪತ್ನಿಯನ್ನು ಒಲ್ಲೆನೆಂದರು. ನಾಯಕನ ವರ್ಚಸ್ಸು ಮನೆಯ ಆಸ್ತಿಯಂತೆ ವಾರಸುದಾರರಿಗೆ ಇಳಿದುಬರುತ್ತದೆಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಆದರೆ ಅವರು ಏಕೆ ಸೋತರು ಎಂಬ ಪ್ರಶ್ನೆಯಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಪತ್ನಿಯಾಗಿ ಮಾತ್ರ ನೆನಪಿನಲ್ಲಿರುವ ಒಬ್ಬ ವ್ಯಕ್ತಿಯನ್ನು ವಿಮರ್ಶಾತ್ಮಕ ಜೀವನಚರಿತ್ರೆ ಹೇಗೆ ಬರೆಯಬೇಕು?

ಅಧಿಕಾರಾಕಾಂಕ್ಷಿ ನಾಯಕರ ಪತ್ನಿಯರನ್ನು ಕುರಿತ ಬರಹಗಳು ಸಾಮಾನ್ಯವಾಗಿ ಎರಡು ಅಚ್ಚುಗಳಲ್ಲಿ ಎರಕಗೊಳ್ಳುತ್ತವೆ. ಒಂದು ಸಾಧ್ವಿಯ ಅಚ್ಚು, ಇನ್ನೊಂದು ಸಂಚುಗಾರ್ತಿಯ ಅಚ್ಚು. ಅರ್ಜೆಂಟೀನದ ಎವಾ ಪೆರಾನ್ ಇದಕ್ಕೆ ಜಗದ್ವಿಖ್ಯಾತ ನಿದರ್ಶನ. 1951ರಲ್ಲಿ ಆಕೆಯ ಹೆಸರಿನಲ್ಲಿ ಪ್ರಕಟವಾದ ಆತ್ಮಕಥೆ ಆಕೆಯನ್ನು ಪತಿಯ ಆರಾಧಕಿಯಾಗಿ, ಬಡವರ ತಾಯಿಯಾಗಿ ನಿಲ್ಲಿಸಿತು. ಮರುವರ್ಷವೇ ಮೇರಿ ಮೇನ್ ಎಂಬ ಲೇಖಕಿ ಗುಪ್ತನಾಮದಲ್ಲಿ ಪ್ರಕಟಿಸಿದ ಜೀವನಚರಿತ್ರೆ ಶೀರ್ಷಿಕೆಯಲ್ಲಿಯೇ ಆಕೆಯ ಕೈಗೆ ಚಾಟಿಯನ್ನು ಕೊಟ್ಟಿತು. ಒಂದು ಪುಸ್ತಕ ಪೂಜೆಗೆ, ಇನ್ನೊಂದು ದೂಷಣೆಗೆ. ಕಥೆಯನ್ನು ದಾಖಲೆಯಿಂದ ಬೇರ್ಪಡಿಸಿ ನೋಡುವ ನಿಕೊಲಸ್ ಫ್ರೇಸರ್ ಮತ್ತು ಮರೀಸಾ ನವಾರೊ ಅವರ ಜೀವನಚರಿತ್ರೆ ಬರಲು 1980ರವರೆಗೆ ಕಾಯಬೇಕಾಯಿತು. ಸಾಧ್ವಿ ಮತ್ತು ಸಂಚುಗಾರ್ತಿ ಎಂಬ ಎರಡು ಚಿತ್ರಗಳೂ ಮೇಲುನೋಟಕ್ಕೆ ವಿರುದ್ಧ, ಒಳಗೆ ಒಂದೇ. ಎರಡರಲ್ಲಿಯೂ ಹೆಣ್ಣಿಗೆ ಪತಿಯ ಅಧಿಕಾರದೊಡನೆ ಇರುವ ಸಂಬಂಧವೊಂದೇ ಸತ್ಯ, ಉಳಿದ ಬದುಕೆಲ್ಲ ಪೀಠಿಕೆ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಈ ಅಚ್ಚುಗಳು ಅಪರಿಚಿತವಲ್ಲ. ಸೀತೆ ಒಂದು ತುದಿಯಲ್ಲಿದ್ದರೆ ಕೈಕೆ ಮತ್ತು ಮಂಥರೆ ಇನ್ನೊಂದು ತುದಿಯಲ್ಲಿದ್ದಾರೆ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಗೆ ಒಂದು ಬಾಲ್ಯವನ್ನು, ಒಂದು ಮಮತೆಯನ್ನು ಕೊಟ್ಟರು. ಆಕೆ ಮಾಡಿದ್ದನ್ನು ಅವರು ಅಳಿಸಲಿಲ್ಲ. ಅದರ ಹಿಂದಿನ ಮನಸ್ಸನ್ನು ತೋರಿಸಿದರು. ಕವಿಗೆ ಕಲ್ಪನೆಯಿಂದ ದೊರೆಯುವ ಈ ನ್ಯಾಯವನ್ನು ಜೀವನಚರಿತ್ರಕಾರ ದಾಖಲೆಯಿಂದ ದೊರಕಿಸಿಕೊಡಬೇಕು. ಅದು ಹೆಚ್ಚು ಕಷ್ಟದ ಕೆಲಸ.

ಜಾನಕಿ ಅವರ ವಿಷಯದಲ್ಲಿ ಈ ಕೆಲಸ ಎಲ್ಲಿಂದ ತೊಡಗಬೇಕು? ಮೊದಲನೆಯದಾಗಿ, ವಿವಾಹದಿಂದಲ್ಲ. ವೈಕಂನಲ್ಲಿ ಹುಟ್ಟಿದ ಅವರು 1940ರ ದಶಕದಲ್ಲಿಯೇ ತಮಿಳು ಚಿತ್ರರಂಗದಲ್ಲಿ ಹೆಸರು ಮಾಡಿದ ನಟಿ. 1948ರ ‘ಮೋಹಿನಿ’, 1950ರ ‘ಮರುದನಾಟ್ಟು ಇಳವರಸಿ’ ಚಿತ್ರಗಳಲ್ಲಿ ಅವರು ರಾಮಚಂದ್ರನ್ ಅವರೊಡನೆ ನಟಿಸಿದಾಗ, ಆತ ಇನ್ನೂ ನಾಯಕನಟನಾಗಿ ನೆಲೆಯೂರುತ್ತಿದ್ದ ಕಾಲ. ಇಬ್ಬರಲ್ಲಿ ಯಾರು ಯಾರ ನೆರಳು ಎಂಬುದು ಆಗ ನಿರ್ಧಾರವಾಗಿರಲಿಲ್ಲ. ಅನಂತರ ಒಬ್ಬರ ವೃತ್ತಿಜೀವನ ಬೆಳೆಯಿತು, ಇನ್ನೊಬ್ಬರದು ನಿಂತುಹೋಯಿತು. ಈ ನಿಲುಗಡೆಯನ್ನು ತ್ಯಾಗವೆಂದು ಹೊಗಳುವುದೂ ಸುಲಭ, ಗಮನಿಸದೆ ದಾಟುವುದೂ ಸುಲಭ. ಅದು ಒಂದು ಜೀವನದ ನಡುಭಾಗವೆಂದು ಕಂಡು ವಿಚಾರಿಸುವುದು ಜೀವನಚರಿತ್ರೆಯ ಧರ್ಮ.

ಎರಡನೆಯದಾಗಿ, ಅಧಿಕಾರದ ದಿನಗಳನ್ನು ಅನುಕಂಪವಿಲ್ಲದೆ ಪರೀಕ್ಷಿಸಬೇಕು. 1987ರ ಡಿಸೆಂಬರ್ 24ರಂದು ರಾಮಚಂದ್ರನ್ ತೀರಿಕೊಂಡರು. ಆರ್.ಎಂ. ವೀರಪ್ಪನ್ ಮುಂತಾದವರ ಬಣ ಜಾನಕಿ ಅವರನ್ನು ಮುಂದೆ ತಂದಿತು. ನೆಡುಂಚೆಳಿಯನ್ ಮುಂತಾದವರು ಜಯಲಲಿತಾ ಅವರ ಪಕ್ಷ ವಹಿಸಿದರು. 1988ರ ಜನವರಿ 7ರಂದು ಜಾನಕಿ ತಮಿಳುನಾಡಿನ ಮೊದಲ ಮಹಿಳಾ ಮುಖ್ಯಮಂತ್ರಿಯಾದರು. ಜನವರಿ 28ರ ವಿಶ್ವಾಸಮತದ ದಿನ ಸಭೆಯಲ್ಲಿ ಹೊಡೆದಾಟ ನಡೆಯಿತು, ಪೊಲೀಸರು ಸದನದೊಳಕ್ಕೆ ಬಂದರು; ಆ ಗದ್ದಲದ ನಡುವೆಯೇ ಸರ್ಕಾರ ಗೆದ್ದಿತೆಂದು ಸಾರಲಾಯಿತು. ಜನವರಿ 30ರಂದು ಕೇಂದ್ರವು ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆಯನ್ನು ಹೇರಿತು. ‘ಆಕೆ ಬರಿಯ ಸೂತ್ರದ ಗೊಂಬೆ’ ಎಂಬ ಮಾತು ಈ ಸಂದರ್ಭದಲ್ಲಿ ಹಲವರ ಬಾಯಲ್ಲಿದೆ. ಆ ಮಾತು ಮೇಲಕ್ಕೆ ಕರುಣೆಯಂತೆ ಕಂಡರೂ ಆಕೆಯನ್ನು ಹೊಣೆಯಿಂದಲೂ ವ್ಯಕ್ತಿತ್ವದಿಂದಲೂ ಒಟ್ಟಿಗೆ ಬಿಡುಗಡೆ ಮಾಡುತ್ತದೆ. ಪ್ರಮಾಣವಚನ ಸ್ವೀಕರಿಸಿದವರು ಆ ದಿನಗಳಿಗೆ ಉತ್ತರದಾಯಿ. ಸದನದಲ್ಲಿ ನಡೆದುದಕ್ಕೆ ಮುಖ್ಯಮಂತ್ರಿಯಾಗಿ ಅವರ ಪಾಲೆಷ್ಟು ಎಂದು ಕೇಳದ ಜೀವನಚರಿತ್ರೆ ವಿಮರ್ಶಾತ್ಮಕವೆನಿಸದು.

ಮೂರನೆಯದಾಗಿ, ನಿರ್ಗಮನವನ್ನೂ ಒಂದು ನಿರ್ಧಾರವೆಂದು ಓದಬೇಕು. 1989ರ ಚುನಾವಣೆಯಲ್ಲಿ ಎರಡೆಲೆ ಚಿಹ್ನೆ ಯಾವ ಬಣಕ್ಕೂ ದೊರೆಯಲಿಲ್ಲ. ಜಯಲಲಿತಾ ಬಣ ಹುಂಜದ ಚಿಹ್ನೆಯಲ್ಲಿ ನಿಂತು 27 ಸ್ಥಾನ ಗೆದ್ದಿತು. ಜೋಡಿ ಪಾರಿವಾಳದ ಚಿಹ್ನೆಯ ಜಾನಕಿ ಬಣ ನೆಲಕಚ್ಚಿತು. ಮತ ಒಡೆದುದರ ಲಾಭ ಡಿಎಂಕೆಗೆ ಸಂದಿತು. ಕೆಲವೇ ವಾರಗಳಲ್ಲಿ ಬಣಗಳು ಒಂದಾದವು, ಚಿಹ್ನೆ ಮರಳಿತು, ಜಾನಕಿ ರಾಜಕೀಯದಿಂದ ಹಿಂದೆ ಸರಿದರು. 1996ರ ಮೇ ತಿಂಗಳಲ್ಲಿ ನಿಧನರಾಗುವವರೆಗೂ ಅವರು ಮರಳಿ ಸ್ಪರ್ಧೆಗೆ ಇಳಿಯಲಿಲ್ಲ. ಚೆನ್ನೈನಲ್ಲಿ ಇಂದಿಗೂ ಪಕ್ಷದ ಕೇಂದ್ರ ಕಚೇರಿಯಿರುವ ಕಟ್ಟಡ ಅವರು ಕೊಟ್ಟ ಸ್ವತ್ತು. ಸೋತವರು ಬಿಟ್ಟುಕೊಟ್ಟದ್ದರಿಂದಲೇ ಗೆದ್ದವರ ಪಕ್ಷ ಅಖಂಡವಾಯಿತು. ಇದನ್ನು ಸೋಲಿನ ಅನಿವಾರ್ಯತೆ ಎನ್ನಬೇಕೋ ರಾಜಕೀಯ ವಿವೇಕ ಎನ್ನಬೇಕೋ ಎಂಬುದು ವಾದಕ್ಕೆ ಯೋಗ್ಯವಾದ ಪ್ರಶ್ನೆ. ಆದರೆ ವಾದ ನಡೆಯಬೇಕಾದರೆ ಆಕೆಯನ್ನು ನಿರ್ಧರಿಸಬಲ್ಲ ವ್ಯಕ್ತಿಯೆಂದು ಮೊದಲು ಒಪ್ಪಬೇಕು.

ಇದಕ್ಕೆ ಒಂದು ಆಕ್ಷೇಪವಿದೆ. ದಾಂಪತ್ಯ ಖಾಸಗಿ, ನಾಯಕನನ್ನು ಟೀಕಿಸಲು ಪತ್ನಿಯ ಬದುಕನ್ನು ಕೆದಕುವುದು ಅಸಭ್ಯ ಎಂಬುದು ಆ ಆಕ್ಷೇಪ. ಅದರಲ್ಲಿ ತಿರುಳಿದೆ. ನಟಿಯರಾಗಿದ್ದ ಹೆಂಗಸರ ವಿಷಯದಲ್ಲಂತೂ ಗಾಳಿಮಾತೇ ಆಧಾರವಾಗಿ ಪುಟಗಟ್ಟಲೆ ಬರೆದವರಿದ್ದಾರೆ. ಆದುದರಿಂದ ಗೆರೆಯನ್ನು ಎಚ್ಚರದಿಂದ ಎಳೆಯಬೇಕು: ಪದವಿ, ಪಕ್ಷ, ಸಾರ್ವಜನಿಕ ಸ್ವತ್ತು, ಚುನಾವಣೆ ಇವುಗಳನ್ನು ಮುಟ್ಟಿದ ಕ್ರಿಯೆಗಳು ಪರೀಕ್ಷೆಗೆ ಒಳಪಟ್ಟವು, ಮುಟ್ಟದವು ಮನೆಯವು. ಪುರುಷ ನಾಯಕನ ಜೀವನಚರಿತ್ರೆಯಲ್ಲಿ ಕೇಳದ ಪ್ರಶ್ನೆಯನ್ನು ಪತ್ನಿಯ ಜೀವನಚರಿತ್ರೆಯಲ್ಲಿ ಕೇಳುವಂತಿಲ್ಲ. ಆತನಲ್ಲಿ ಕೇಳಿದ್ದನ್ನು ಆಕೆಯಲ್ಲಿ ಬಿಡುವಂತೆಯೂ ಇಲ್ಲ.

ಪತ್ನಿಯೇ ಲೇಖನಿ ಹಿಡಿದಾಗ ಈ ತೊಡಕು ಸ್ವಲ್ಪ ಸಡಿಲುತ್ತದೆ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರ ಪತ್ನಿ ರಮಾಬಾಯಿ 1910ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ಸ್ಮೃತಿಕಥನ ಪತಿಯ ಸ್ಮರಣೆಗೆಂದೇ ಬರೆದದ್ದು. ಆದರೂ ಅಕ್ಷರ ಕಲಿಯಲು ಹೊರಟ ಸೊಸೆ ಮನೆಯ ಹೆಂಗಸರಿಂದ ಪಟ್ಟ ಪಾಡು ಅಲ್ಲಿ ದಾಖಲಾಗಿ, ಪತಿಯ ಗುಣಕಥನದ ನಡುವೆಯೇ ಬರೆದವಳ ವ್ಯಕ್ತಿತ್ವ ತಲೆಯೆತ್ತಿ ನಿಂತಿತು. ಕನ್ನಡದಲ್ಲಿ ಮಂತ್ರಿ ಬಸವಣ್ಣನ ಮಡದಿ ನೀಲಾಂಬಿಕೆಯ ವಚನಗಳು ಪುರಾಣಗಳ ಕಥನಕ್ಕೆ ಹೊರತಾದ ಒಂದು ದನಿಯನ್ನು ಉಳಿಸಿಕೊಟ್ಟಿವೆ. ಇಂಥ ಸ್ವಂತ ದನಿ ಮುಂದಿಲ್ಲದ ಕಡೆ ಜೀವನಚರಿತ್ರಕಾರನ ಶ್ರಮ ಇಮ್ಮಡಿಯಾಗುತ್ತದೆ.

ಆ ಶ್ರಮಕ್ಕೆ ಕನ್ನಡದ ವಿದ್ಯಾರ್ಥಿಗಳು ಹೊರಗಿನವರಾಗಬೇಕಿಲ್ಲ. ಕಂಬಂ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕಪ್ಪಿಲಿಯರ ಮನೆಗಳಿವೆ. ಮದುರೆ, ದಿಂಡುಗಲ್ ಭಾಗದಲ್ಲಿ ಅನುಪ್ಪರಿದ್ದಾರೆ. 1984ರಲ್ಲಿ, 1989ರಲ್ಲಿ ಮತ ಹಾಕಿದ ಹಿರಿಯರು ಈಗ ವೃದ್ಧರು. ಅವರ ನೆನಪುಗಳನ್ನು ಅವರ ಕನ್ನಡದಲ್ಲಿಯೇ ಕೇಳಿ ಬರೆದಿಟ್ಟುಕೊಂಡರೆ, ಪತ್ರಿಕೆಗಳೂ ಪಕ್ಷಗಳೂ ಹೇಳದ ಒಂದು ಆಧಾರ ದೊರೆತೀತು. ನೆನಪು ಸಾಕ್ಷ್ಯವಾಗಬೇಕಾದರೆ ದಿನಾಂಕಗಳೊಡನೆ, ಅಂದಿನ ಪತ್ರಿಕಾ ವರದಿಗಳೊಡನೆ ತಾಳೆ ನೋಡಬೇಕೆಂಬ ಶಿಸ್ತನ್ನು ಸಂಶೋಧನೆಯ ಪಾಠ ಈಗಾಗಲೇ ಕಲಿಸಿದೆ.

ವಿಮರ್ಶೆಯೆಂದರೆ ತಪ್ಪು ಹುಡುಕುವುದಲ್ಲ, ಬೆಲೆ ಕಟ್ಟುವುದು. ಇಪ್ಪತ್ತನಾಲ್ಕು ದಿನಗಳ ಮುಖ್ಯಮಂತ್ರಿಯ ಹಿಂದೆ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಬದುಕಿದೆ. ಆ ಬದುಕಿಗೆ ಬೆಲೆ ಕಟ್ಟುವ ಪುಸ್ತಕ ಬರೆಯುವವರು ಆಕೆಯನ್ನು ಗೌರವಿಸಬೇಕಾದ ರೀತಿ ಒಂದೇ: ಹೊಗಳಿಕೆಯಿಂದಲೂ ಮರುಕದಿಂದಲೂ ದೂರವಿದ್ದು, ಆಕೆ ಮಾಡಿದ್ದನ್ನು ಆಕೆಯ ಹೆಸರಿಗೇ ಬರೆಯುವುದು.